ಮಾತ್ರೆ ಕೊಟ್ಟಿದ್ದು ಗೊತ್ತು, ನುಂಗಿದ್ದು ಯಾರಿಗೆ ಗೊತ್ತು?

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು
ಹಾಗೂ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳು,
ಚಿಕ್ಕಮಗಳೂರು.

ಮಾನ್ಯರೇ,

ಮೂಡಿಗೆರೆ ತಾಲ್ಲೂಕಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವವನು ನಾನು. ಸರ್ಕಾರಿ ನೌಕರನಲ್ಲ, ಡಾಕ್ಟರೂ ಅಲ್ಲ. ಡಿ.ಫಾರ್ಮ ಓದಿ ಕೌಂಟರ್ ಹಿಂದೆ ನಿಂತವನು. ತಮ್ಮಿಬ್ಬರನ್ನೂ ಒಂದು ಪ್ರಶ್ನೆ ಕೇಳಬೇಕಿದೆ. ಮಲೇರಿಯಾ ಬಂದವರ ಹೆಸರಿನ ಮುಂದೆ ‘ಚಿಕಿತ್ಸೆ ಪೂರ್ಣ’ ಎಂದು ಬರೆಯುತ್ತಾರಲ್ಲ, ಅದನ್ನು ಏನು ನೋಡಿ ಬರೆಯುತ್ತಾರೆ?

ಕೊಟ್ಟ ಮಾತ್ರೆಯ ಲೆಕ್ಕ ನಿಮ್ಮ ಹತ್ತಿರ ಪಕ್ಕಾ ಇರುತ್ತದೆ. ಸ್ಟಾಕ್ ಪುಸ್ತಕದಲ್ಲಿ ನಾಲ್ಕು ಮಾತ್ರೆ ಹೆಚ್ಚುಕಡಿಮೆಯಾದರೆ ಆಡಿಟ್‌ನವರು ಬಿಡುವುದಿಲ್ಲ. ಅದೇ ಮಾತ್ರೆ ರೋಗಿಯ ಗಂಟಲಲ್ಲಿ ಇಳಿಯಿತಾ, ಇಳಿದಿದ್ದರೆ ಎಷ್ಟು ದಿನ, ಇದರ ಲೆಕ್ಕ ಕೇಳುವವರೇ ಇಲ್ಲ.

ಮಲೇರಿಯಾ ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕೊಡುತ್ತದೆ. ಹಾಗಾಗಿ ಅದನ್ನು ಕೊಳ್ಳಲು ನನ್ನ ಅಂಗಡಿಗೆ ಬರುವವರು ಕಡಿಮೆ. ನನ್ನ ಹತ್ತಿರ ಬರುವುದು ಮಿಕ್ಕಿದ ಮಾತ್ರೆ. ಹೋದ ಕಾಫಿ ಕೊಯ್ಲಿನಲ್ಲಿ, ಒಂದು ಸಂತೆ ದಿನ, ಎಸ್ಟೇಟ್ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಹೆಂಗಸೊಬ್ಬರು ಬಂದರು. ರಾಯಚೂರು ಕಡೆಯವರು. ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು ಗಾಜಿನ ಮೇಲಿಟ್ಟರು.

“ಅಣ್ಣಾರ, ಇದು ಜ್ವರದ ಗುಳಿಗಿ ಹೌದಲ್ರಿ? ಸೊಸಿಗೆ ಕೊಡಬೇಕಂತೀನಿ. ನಿನ್ನಿಯಿಂದ ಮೈ ಸುಡಾಕತ್ತೈತಿ.”

ನೋಡಿದರೆ ಪ್ರೈಮಾಕ್ವಿನ್, ಮಲೇರಿಯಾದ ಮಾತ್ರೆ. ಯಾರದಮ್ಮಾ ಇದು ಎಂದೆ. ಮಗನದಂತೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತಂತೆ, ಹುಡುಗ ಕೆಲಸಕ್ಕೆ ಹೋದನಂತೆ, ಮಿಕ್ಕಿದ್ದನ್ನು ಚಹಾಪುಡಿ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ಸೊಸೆ ಪಕ್ಕದಲ್ಲೇ ನಿಂತಿದ್ದಳು. ಐದೋ ಆರೋ ತಿಂಗಳ ಬಸುರಿ. ಬಸುರಿಯರಿಗೆ ಪ್ರೈಮಾಕ್ವಿನ್ ಕೊಡಲೇಬಾರದು. ಹೊಟ್ಟೆಯೊಳಗಿನ ಮಗುವಿನ ರಕ್ತಕಣ ಒಡೆಯುವ ಅಪಾಯ ಇದೆ. ಸ್ಟ್ರಿಪ್ ನಾನೇ ಇಟ್ಟುಕೊಂಡೆ, ಅವರನ್ನು ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಕಳಿಸಿದೆ. ಆ ಹುಡುಗನ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಏನಿರಬಹುದು? ‘ಪೂರ್ಣ’ ಎಂದೇ ಇರುತ್ತದೆ ಅಂತ ನನ್ನ ಅಂದಾಜು.

ಹಾಗಂತ ಹುಡುಗನನ್ನು ಬೈದು ಪ್ರಯೋಜನವಿಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಇರುವುದೇ ಹಾಗೆ. ದೊಡ್ಡವರಿಗೆ ಮೂರು ದಿನ ಕ್ಲೋರೋಕ್ವಿನ್, 4, 4, 2 ಮಾತ್ರೆ. ಅದು ರಕ್ತದಲ್ಲಿರುವ ರೋಗಾಣುವನ್ನು ಕೊಲ್ಲುತ್ತದೆ. ಜ್ವರ ಇಳಿಯುತ್ತದೆ, ಊಟ ಸೇರುತ್ತದೆ, ಮನುಷ್ಯ ಎದ್ದು ಓಡಾಡುತ್ತಾನೆ. ಆದರೆ ಕೆಲವು ರೋಗಾಣು ಲಿವರಿನಲ್ಲಿ ಅಡಗಿ ಮಲಗಿರುತ್ತವೆ. ಕೆಲವು ವಾರಕ್ಕೋ, ಎಷ್ಟೋ ತಿಂಗಳಿಗೋ ಎದ್ದು ಮತ್ತೆ ರಕ್ತಕ್ಕೆ ಇಳಿಯುತ್ತವೆ. ಸೊಳ್ಳೆ ಹೊಸದಾಗಿ ಕಚ್ಚಲೇ ಬೇಕಿಲ್ಲ. ಮಲಗಿದ ಇವುಗಳನ್ನು ಮುಗಿಸುವುದು ಪ್ರೈಮಾಕ್ವಿನ್. ದೊಡ್ಡವರಿಗೆ ದಿನಕ್ಕೆ 15 ಮಿ.ಗ್ರಾಂ, ಅಂದರೆ 7.5ರ ಮಾತ್ರೆ ಎರಡು. 14 ದಿನಕ್ಕೆ 28 ಮಾತ್ರೆ. ಇದರಲ್ಲಿ ಕೊನೆಯ ಹನ್ನೊಂದು ದಿನ ರೋಗಿಗೆ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಏನಾದರೂ ಇದ್ದರೆ ಮಾತ್ರೆಯಿಂದಲೇ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಚೆನ್ನಾಗಿರುವ ಮನುಷ್ಯನಿಗೆ ಹೊಟ್ಟೆ ಕೆಡಿಸುವ ಮಾತ್ರೆಯನ್ನು ಹನ್ನೊಂದು ದಿನ ನುಂಗು ಅಂದರೆ ನಾನಾದರೂ ಒಂದೆರಡು ದಿನ ಮರೆತಿರುತ್ತಿದ್ದೆನೇನೋ.

ಈ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1952ರಲ್ಲಿ. ಕೊರಿಯಾ ಯುದ್ಧ ಮುಗಿಸಿ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸೈನಿಕರಿಗೆ ದಿನಾ ಎದುರು ನಿಂತು ನುಂಗಿಸುತ್ತಿದ್ದರು. ಹಡಗಿನಿಂದ ಸೈನಿಕ ಎಲ್ಲಿಗೆ ಓಡಿಹೋಗುತ್ತಾನೆ? ನಮ್ಮಲ್ಲಿ ಕಾಫಿ ಕೊಯ್ಯುವವನು ಬಟವಾಡೆ ಆದ ರಾತ್ರಿಯೇ ಬಸ್ ಹತ್ತುತ್ತಾನೆ. 14 ದಿನದ ಕೋರ್ಸ್ ಮಾತ್ರ ಹಾಗೇ ಉಳಿದುಕೊಂಡಿದೆ.

ಈಗ ಅಳೆಯುವ ವಿಚಾರಕ್ಕೆ ಬರುತ್ತೇನೆ. ಪತ್ರ ಬರೆದಿದ್ದೇ ಅದಕ್ಕೆ.

ಈಗ ನಡೆಯುತ್ತಿರುವುದು ಕೇಳಿ ಬರೆಯುವುದು. “ಮಾತ್ರೆ ಎಲ್ಲಾ ತಗೊಂಡ್ರಿ ಅಲ್ವಾ?” ಎಂದು ಕೇಳುತ್ತಾರೆ. “ಹೂಂ” ಎನ್ನುತ್ತಾರೆ. ಮುಗಿಯಿತು. ಉತ್ತರ ಪ್ರಶ್ನೆಯೊಳಗೇ ಇದೆ. ಸರ್ಕಾರಿ ಪುಸ್ತಕ ಹಿಡಿದು ಬಂದವರಿಗೆ ಲೈನ್ ಮನೆಯವರು ‘ಇಲ್ಲ’ ಅನ್ನುವುದುಂಟೇ? ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದವರಿಗೆ ಪ್ರಶ್ನೆಯೇ ಅರ್ಥವಾಗಿರುವುದಿಲ್ಲ, ಸುಮ್ನೆ ತಲೆ ಆಡಿಸುತ್ತಾರೆ. ಬಾಯಿಮಾತಿನಲ್ಲಿ ಕೇಳಿ ಪಡೆದ ಲೆಕ್ಕ ನಿಜಕ್ಕಿಂತ ಜಾಸ್ತಿಯೇ ಬರುತ್ತದೆ ಎನ್ನುವುದು ಈ ವಿಷಯದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ.

ಆದರೂ ಕೇಳುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಕೇಳುವ ರೀತಿ ಬದಲಾಗಲಿ. “ಈ ಮಾತ್ರೆ ತಪ್ಪದೆ ತಗೊಳ್ಳೋದು ಕಷ್ಟ, ಎಲ್ಲರಿಗೂ ಒಂದೆರಡು ದಿನ ತಪ್ಪುತ್ತೆ. ನಿಮಗೆ ಎಷ್ಟು ದಿನ ತಪ್ಪಿತು? ನಿನ್ನೆ ಏನು ಊಟ ಮಾಡಿದ ಮೇಲೆ ತಗೊಂಡ್ರಿ?” ಹೀಗೆ ಕೇಳಿ ನೋಡಿ. ಬಿಪಿ, ಸಕ್ಕರೆ ಕಾಯಿಲೆ ಗಿರಾಕಿಗಳನ್ನು ನಾನು ಹೀಗೇ ಕೇಳುವುದು. ತಪ್ಪಿದ್ದನ್ನು ಒಪ್ಪಿಕೊಳ್ಳಲು ಜನಕ್ಕೆ ಒಂದು ಬಾಗಿಲು ತೆರೆದಿಟ್ಟರೆ ಸಾಕು, ನಿಜ ಹೇಳುತ್ತಾರೆ.

ಎರಡನೆಯದು ಸ್ಟ್ರಿಪ್ ಎಣಿಸುವುದು. ಬಾಯಿಮಾತಿಗಿಂತ ಮೇಲು, ಆದರೆ ಇದಕ್ಕೂ ಕಾಲು ಕುಂಟು. ನಾಳೆ ಬಂದು ನೋಡುತ್ತೇನೆ ಎಂದು ಹೇಳಿ ಹೋದರೆ, ಇವತ್ತು ರಾತ್ರಿಯೇ ಮಿಕ್ಕಿದ ಮಾತ್ರೆಯೆಲ್ಲ ಹಿತ್ತಿಲಿಗೆ ಬೀಳುತ್ತದೆ. ಖಾಲಿ ಸ್ಟ್ರಿಪ್ ಮಾತ್ರ ಕೈಗೆ ಸಿಗುತ್ತದೆ. ಇಲ್ಲವೇ ಸ್ಟ್ರಿಪ್ಪೇ ಇರುವುದಿಲ್ಲ, “ಒಲೆಗೆ ಹಾಕಿದೆ” ಎನ್ನುತ್ತಾರೆ. ಎಷ್ಟೋ ಕಡೆ ಮಾತ್ರೆಯನ್ನು ಬಿಡಿಯಾಗಿ ಪೇಪರ್ ಕವರಿನಲ್ಲಿ ಹಾಕಿ ಕೊಟ್ಟಿರುತ್ತಾರೆ, ಅಲ್ಲಿ ಎಣಿಸುವುದಾದರೂ ಏನನ್ನು?

ಇದಕ್ಕೆ ಬೇರೆ ದೇಶಗಳಲ್ಲಿ ಯಂತ್ರ ಇಟ್ಟು ನೋಡಿದ್ದಾರೆ. ಡಬ್ಬಿಯ ಮುಚ್ಚಳದಲ್ಲಿ ಚಿಪ್ ಇರುತ್ತದೆ, ಮುಚ್ಚಳ ತೆರೆದಾಗಲೆಲ್ಲ ದಿನ, ಹೊತ್ತು ದಾಖಲಾಗುತ್ತದೆ. ಆಫ್ರಿಕಾದ ಟಾಂಜಾನಿಯಾದಲ್ಲಿ ಮಲೇರಿಯಾ ಮಾತ್ರೆಯ ಸ್ಟ್ರಿಪ್ಪಿಗೇ ಇಂಥದ್ದನ್ನು ಅಳವಡಿಸಿದ್ದರು. ಯಾವ ಮಾತ್ರೆಯನ್ನು ಯಾವಾಗ ಒಡೆದು ತೆಗೆದರು ಎಂಬುದು ಅದರಲ್ಲಿ ಗೊತ್ತಾಗುತ್ತಿತ್ತು. ನಮ್ಮ ದೇಶದಲ್ಲೇ ಕ್ಷಯದ ಮಾತ್ರೆಗೆ ಇನ್ನೊಂದು ಉಪಾಯ ಮಾಡಿದ್ದರು. ಮಾತ್ರೆ ಒಡೆದರೆ ಹಿಂದೆ ಒಂದು ಫೋನ್ ನಂಬರ್ ಕಾಣಿಸುತ್ತದೆ, ಅದಕ್ಕೆ ಕರೆ ಮಾಡಿದರೆ ಅವತ್ತಿನ ಹಾಜರಿ ಬಿದ್ದಂತೆ. ಒಳ್ಳೆಯ ಬುದ್ಧಿವಂತಿಕೆ. ಆದರೆ ಚಾರ್ಮಾಡಿ ಘಾಟಿಯ ಅಂಚಿನ ಎಷ್ಟೋ ಲೈನ್‌ಗಳಲ್ಲಿ ನೆಟ್‌ವರ್ಕೇ ಸಿಗುವುದಿಲ್ಲ. ಸಿಕ್ಕಿದರೂ ಒಡೆದದ್ದು ನುಂಗಿದ್ದಕ್ಕೆ ಸಾಕ್ಷಿಯಲ್ಲ, ಕರೆ ಮಾಡಿದ್ದೂ ಅಲ್ಲ.

ಇನ್ನು ರಕ್ತ ತೆಗೆದು ಔಷಧಿಯ ಅಂಶ ನೋಡುವುದು. ಇದೇ ಪಕ್ಕಾ ಅಂತ ತುಂಬಾ ಜನ ತಿಳಿದಿದ್ದಾರೆ. ಕ್ಲೋರೋಕ್ವಿನ್ ಒಮ್ಮೆ ಹೊಟ್ಟೆಗೆ ಹೋದರೆ ವಾರಗಟ್ಟಲೆ ರಕ್ತದಲ್ಲಿ ಇರುತ್ತದೆ. ಇದೆ ಎಂದ ಮಾತ್ರಕ್ಕೆ ಮೂರೂ ದಿನ ತಗೊಂಡರು ಎಂದಾಗುವುದಿಲ್ಲ. ಪ್ರೈಮಾಕ್ವಿನ್ ಇದಕ್ಕೆ ಪೂರ್ತಿ ತದ್ವಿರುದ್ಧ, ಕೆಲವೇ ಗಂಟೆಯಲ್ಲಿ ಕರಗಿ ಹೋಗುತ್ತದೆ. ಅದರಿಂದ ಹುಟ್ಟುವ ಇನ್ನೊಂದು ಅಂಶ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ, ಅಷ್ಟೇ. ಹಾಗಾಗಿ ಆ ಪರೀಕ್ಷೆ ಹೇಳುವುದು ನಿನ್ನೆ ಮೊನ್ನೆಯ ಕಥೆ. ಹದಿನಾಲ್ಕು ದಿನದ ಕಥೆ ಹೇಳುವುದಿಲ್ಲ. ಅದಕ್ಕೆ ಬೇಕಾದ ಯಂತ್ರ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವುದೂ ಇಲ್ಲ, ಬರಬೇಕಾಗಿಯೂ ಇಲ್ಲ.

ಉಳಿದದ್ದು ಎದುರು ನಿಂತು ನುಂಗಿಸುವುದು. ಹದಿನಾಲ್ಕೂ ದಿನ ನಿಗಾ ಇಟ್ಟು ಕೊಡಬೇಕು ಎಂದು ಕೇಂದ್ರ ಸರ್ಕಾರದ ಚಿಕಿತ್ಸಾ ನಿಯಮದಲ್ಲೇ ಇದೆ. ಕಾಗದದಲ್ಲಿ ಚೆನ್ನಾಗಿದೆ. ಈ ನಿಗಾ ಇಡಬೇಕಾದವರು ಯಾರು? ಆಶಾ ಕಾರ್ಯಕರ್ತೆ. ಕೊಯ್ಲಿನ ಕಾಲದಲ್ಲಿ ಜನ ಬೆಳಿಗ್ಗೆಯೇ ತೋಟಕ್ಕೆ ಇಳಿದುಬಿಡುತ್ತಾರೆ. ಅವರು ಹೊರಡುವ ಮೊದಲೇ ಲೈನ್ ತಲುಪಬೇಕು ಎಂದರೆ ಆಕೆ ಮಂಜು ಹರಿಯುವ ಮುಂಚೆ ಒಬ್ಬಳೇ ಕಾಡುದಾರಿಯಲ್ಲಿ ನಡೆಯಬೇಕು. ನಮ್ಮ ಕಡೆ ಆನೆ ಕಾಟ ಎಷ್ಟಿದೆ ಎಂದು ತಮಗೆ ಬೇರೆ ಹೇಳಬೇಕಾಗಿಲ್ಲ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತವರು ಇವರೇ. ಹದಿನಾಲ್ಕು ದಿನ ಹದಿನಾಲ್ಕು ಸಲ ಆನೆ ದಾರಿಯಲ್ಲಿ ಹೋಗಿ ಬನ್ನಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳುವುದು?

ಇಲ್ಲಿ ಇನ್ನೊಂದು ಸಿಕ್ಕು ಇದೆ. ಚಿಕಿತ್ಸೆ ಪೂರ್ಣ ಮಾಡಿಸಿದ್ದಕ್ಕೆ ಆಶಾ ಅವರಿಗೆ ಒಂದಿಷ್ಟು ಪ್ರೋತ್ಸಾಹಧನ ಇದೆ. ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತ್ರೆ ಕೊಡುವವರೂ ಅವರೇ, ಪೂರ್ಣವಾಯಿತು ಎಂದು ಬರೆಯುವವರೂ ಅವರೇ, ಆ ಬರಹದ ಮೇಲೆ ದುಡ್ಡು ಪಡೆಯುವವರೂ ಅವರೇ ಆದರೆ ಆ ಲೆಕ್ಕವನ್ನು ಯಾರು ನಂಬುತ್ತಾರೆ? ತೋಟದಲ್ಲಿ ಹಣ್ಣು ಕೊಯ್ದವರೇ ತೂಕ ಬರೆದುಕೊಳ್ಳುವುದಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ನಿಂತು ತೂಗಿಸುತ್ತಾರೆ. ಹಾಗೆಂದು ಕೊಯ್ದವರು ಕಳ್ಳರು ಎಂದಲ್ಲ. ಆಶಾ ಅವರ ದುಡ್ಡನ್ನು ಮನೆಗೆ ಹೋಗಿ ಬಂದದ್ದಕ್ಕೆ ಕೊಡಿ. ರೋಗಿ ಎಷ್ಟು ನುಂಗಿದ ಎಂಬುದರ ಮೇಲೆ ಕೊಡಬೇಡಿ. ಆಗ “ಇವನು ಐದೇ ದಿನ ತಗೊಂಡಿದ್ದು ಸಾರ್” ಎಂದು ಬರೆದರೆ ಆಕೆಗೆ ನಷ್ಟವಿಲ್ಲ. ನಿಮಗೂ ನಿಜ ಗೊತ್ತಾಗುತ್ತದೆ.

‘ಪೂರ್ಣ’, ‘ಅಪೂರ್ಣ’ ಎನ್ನುವ ಎರಡೇ ಖಾನೆ ಇರುವುದೂ ಒಂದು ತೊಂದರೆಯೇ. 13 ದಿನ ತಗೊಂಡವನೂ ಅಪೂರ್ಣ, 3 ದಿನ ತಗೊಂಡವನೂ ಅಪೂರ್ಣ. ಪ್ರೈಮಾಕ್ವಿನ್ ವಿಷಯದಲ್ಲಿ ಒಟ್ಟು ಎಷ್ಟು ಮಿ.ಗ್ರಾಂ ಮೈಗೆ ಹತ್ತಿತು ಎಂಬುದೇ ಮುಖ್ಯ. ಒಂದು ದಿನ ತಪ್ಪಿ ಕೋರ್ಸು ಒಂದು ದಿನ ಮುಂದಕ್ಕೆ ಹೋದರೆ ಆಕಾಶ ಕಳಚಿ ಬೀಳುವುದಿಲ್ಲ. ಹನ್ನೊಂದು ದಿನ ತಪ್ಪಿದರೆ ಮಾತ್ರೆ ಕೊಟ್ಟೂ ಕೊಡದಂತೆ. ಹಾಗಾಗಿ ಖಾನೆಯಲ್ಲಿ ದಿನದ ಸಂಖ್ಯೆ ಬರೆಯಲಿ. ‘14ರಲ್ಲಿ 9’ ಅಂತ. ಪಕ್ಕದಲ್ಲಿ ಅದು ಹೇಗೆ ಗೊತ್ತಾಯಿತು ಎಂದೂ ಬರೆಯಲಿ: ಕೇಳಿದ್ದಾ, ಸ್ಟ್ರಿಪ್ ನೋಡಿದ್ದಾ, ಎದುರು ನುಂಗಿಸಿದ್ದಾ? ಇಷ್ಟು ಮಾಡಿದರೆ ಜಿಲ್ಲೆಯ ಲೆಕ್ಕ ಮೊದಲ ವರ್ಷ ಕೆಟ್ಟದಾಗಿ ಕಾಣುತ್ತದೆ. ಕಾಣಲಿ. ದಯವಿಟ್ಟು ಅದಕ್ಕಾಗಿ ಯಾರಿಗೂ ನೋಟಿಸ್ ಕೊಡಬೇಡಿ. ಒಂದು ನೋಟಿಸ್ ಹೋದರೆ ಮರುವರ್ಷ ಎಲ್ಲ ಖಾನೆಯಲ್ಲೂ ‘14ರಲ್ಲಿ 14’ ಬಂದು ಕೂರುತ್ತದೆ.

ಪರಿಶೀಲನೆಗೆ ಬೇರೆಯವರು ಹೋಗಲಿ. ಸಮುದಾಯ ಆರೋಗ್ಯ ಅಧಿಕಾರಿಯೋ, ಆರೋಗ್ಯ ನಿರೀಕ್ಷಣಾಧಿಕಾರಿಯೋ, ಯಾರಾದರೂ ಸರಿ. ಏಳನೇ ದಿನದ ಹೊತ್ತಿಗೆ ಒಂದು ಸಲ, ಕೋರ್ಸ್ ಮುಗಿಯಬೇಕಾದ ಮೇಲೆ ಒಂದು ಸಲ, ಹೇಳದೆ ಕೇಳದೆ ಹೋಗಲಿ. ಏಳನೇ ದಿನ ಹೋಗುವುದು ಎಣಿಸುವುದಕ್ಕಷ್ಟೇ ಅಲ್ಲ. ಅವತ್ತು ಬಿಟ್ಟಿದ್ದಾರೆ ಎಂದು ಗೊತ್ತಾದರೆ ಮತ್ತೆ ಹಿಡಿಸಲು ಇನ್ನೂ ಸಮಯ ಇರುತ್ತದೆ. ತುಟಿ ನೀಲಿಯಾಗಿದೆಯಾ, ಮೂತ್ರ ಕಪ್ಪಾಗಿದೆಯಾ ಎಂದೂ ಅವತ್ತೇ ನೋಡಬಹುದು. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಯುತ್ತದೆ, ಅಂಥವರು ಮಾತ್ರೆ ನಿಲ್ಲಿಸಿದ್ದೇ ಸರಿ. ಹೀಗೆ ಸರಿಯಾದ ಕಾರಣಕ್ಕೆ ನಿಲ್ಲಿಸಿದವರನ್ನೂ ಸುಮ್ನೆ ಬಿಟ್ಟವರನ್ನೂ ಒಂದೇ ಖಾನೆಯಲ್ಲಿ ಹಾಕುವುದು ಅನ್ಯಾಯ ಅಲ್ವಾ?

ಮತ್ತೆ ಜ್ವರ ಬಂದವರ ಮೇಲೆ ಗೂಬೆ ಕೂರಿಸುವುದನ್ನೂ ಬಿಡಬೇಕು. “ಮಾತ್ರೆ ಬಿಟ್ಟಿದ್ದೀಯ, ಅದಕ್ಕೇ ಬಂತು” ಎಂದು ಎಲ್ಲರೆದುರು ಗದರುವುದನ್ನು ನೋಡಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ಅವನು ಬಿಟ್ಟಿರಬಹುದು. ಹೊಸದಾಗಿ ಸೊಳ್ಳೆ ಕಚ್ಚಿರಬಹುದು. ನುಂಗಿದ್ದೆಲ್ಲ ವಾಂತಿಯಾಗಿರಬಹುದು. ಕೆಲವರ ಮೈಗೆ ಪ್ರೈಮಾಕ್ವಿನ್ ಅನ್ನು ಕೆಲಸಕ್ಕೆ ಬರುವ ರೂಪಕ್ಕೆ ಬದಲಾಯಿಸುವ ಶಕ್ತಿಯೇ ಹುಟ್ಟಿನಿಂದ ಕಡಿಮೆ ಇರುತ್ತದೆ. ಅವರು 28 ಮಾತ್ರೆ ಚಾಚೂ ತಪ್ಪದೆ ನುಂಗಿದರೂ ರೋಗ ಮರುಕಳಿಸಬಹುದು. ಹೀಗೆ ಗದರಿಸಿಕೊಂಡವನು ಮುಂದಿನ ಸಲ ಜ್ವರ ಬಂದರೆ ಆಸ್ಪತ್ರೆಗೆ ಬರುವುದಿಲ್ಲ. ನನ್ನ ಅಂಗಡಿಗೆ ಬಂದು “ಜ್ವರಕ್ಕೆ ಎರಡು ಡೋಲೋ ಕೊಡಿ” ಎನ್ನುತ್ತಾನೆ.

ಅಳತೆಗೆ ಸಿಗದೆ ಜಾರಿಹೋಗುವುದು ಊರು ಬಿಡುವವರು. ಅರೇಬಿಕಾ ಕೊಯ್ಲು ಮುಗಿದರೆ ರೋಬಸ್ಟಾ ಇರುವ ಕಡೆ ಹೋಗುತ್ತಾರೆ, ಅದು ಮುಗಿದರೆ ಮಂಗಳೂರಿನ ಕಟ್ಟಡ ಕೆಲಸಕ್ಕೆ, ಇಲ್ಲವೇ ಊರಿಗೆ. ಐದನೇ ದಿನ ಕೊಟ್ಟಿಗೆಹಾರದಲ್ಲಿ ಬಸ್ ಹತ್ತಿ ಘಾಟಿ ಇಳಿದವನ ಮಾತ್ರೆಯ ಕಥೆ ಚಿಕ್ಕಮಗಳೂರಿಗೂ ಗೊತ್ತಿರುವುದಿಲ್ಲ, ಮಂಗಳೂರಿಗೂ ಗೊತ್ತಿರುವುದಿಲ್ಲ. ಅವನ ಕೈಗೆ ಒಂದು ಚೀಟಿ ಕೊಡಿ. ಯಾವ ಮಲೇರಿಯಾ, ಯಾವತ್ತು ಶುರುವಾಯಿತು, ಎಷ್ಟು ದಿನ ಬಾಕಿ. ಸಾಧ್ಯವಾದರೆ ಹಿಂದಿಯಲ್ಲೂ ಇರಲಿ. ಹೋಗುವ ಊರಿನ ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡಿ. ಸಂಪರ್ಕ ಸಿಗದಿದ್ದರೆ ‘14ರಲ್ಲಿ 5, ಆಮೇಲೆ ಗೊತ್ತಿಲ್ಲ’ ಎಂದೇ ಬರೆಯಿರಿ.

ಫಾಲ್ಸಿಪಾರಂ ಎಂಬ ಇನ್ನೊಂದು ಬಗೆಯ ಮಲೇರಿಯಾಕ್ಕೆ ಸರ್ಕಾರವೇ ವಯಸ್ಸಿಗೊಂದು ಬಣ್ಣದ ಪ್ಯಾಕೆಟ್ ಮಾಡಿದೆ, ದೊಡ್ಡವರದು ಬಿಳಿ. ಮೂರು ದಿನದ ಮಾತ್ರೆ ದಿನದ ಪ್ರಕಾರ ಜೋಡಿಸಿರುತ್ತದೆ, ಓದಲು ಬಾರದವರಿಗೂ ಲೆಕ್ಕ ಕಣ್ಣಿಗೆ ಕಾಣುತ್ತದೆ. ಪ್ರೈಮಾಕ್ವಿನ್‌ಗೂ ಒಂದು ರಟ್ಟಿನ ಹಾಳೆಯ ಮೇಲೆ ಹದಿನಾಲ್ಕು ಚೌಕ ಬರೆದು, ಒಂದೊಂದರಲ್ಲಿ ಎರಡೆರಡು ಮಾತ್ರೆಯ ಪುಟ್ಟ ಕವರ್ ಅಂಟಿಸಿ ಕೊಟ್ಟರೆ ಎಣಿಸುವವರಿಗೂ ಸುಲಭ, ನುಂಗುವವರಿಗೂ ಸುಲಭ. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ, ನಿಮ್ಮ ಫಾರ್ಮಸಿಸ್ಟ್ ಮಧ್ಯಾಹ್ನದ ಬಿಡುವಿನಲ್ಲಿ ಮಾಡಬಹುದು.

ನುಂಗುವ ಹೊತ್ತನ್ನು ತೋಟದ ಬೆಳಗಿನ ತಿಂಡಿಯ ಹೊತ್ತಿಗೆ ಕಟ್ಟಿದರೆ ಹೊಟ್ಟೆ ತೊಳಸುವ ಕಾಟವೂ ತಪ್ಪುತ್ತದೆ. ಹಾಜರಿ ಪುಸ್ತಕ ಹಿಡಿದ ರೈಟರ್ ಅಲ್ಲೇ ಇರುತ್ತಾರೆ. ಅವರು ಒಪ್ಪಿದರೆ ದಿನಾ ಒಂದು ನಿಮಿಷದ ಕೆಲಸ. ಒಂದು ಎಚ್ಚರಿಕೆ ಮಾತ್ರ ಬೇಕು. ಮಲೇರಿಯಾ ಇದೆ ಎಂದು ಗೊತ್ತಾದ ಕೂಡಲೇ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡುವ ತೋಟಗಳೂ ಇವೆ. ಅಂಥ ಕಡೆ ರೋಗಿಯನ್ನು ಕೇಳದೆ ರೈಟರಿಗೆ ಹೇಳಬಾರದು.

ಕೋರ್ಸನ್ನೇ ಚಿಕ್ಕದು ಮಾಡುವ ದಾರಿಯೂ ಇದೆ. ದಿನದ ಡೋಸ್ ಹೆಚ್ಚಿಸಿ 7 ದಿನಕ್ಕೇ ಪ್ರೈಮಾಕ್ವಿನ್ ಮುಗಿಸುವ ಕ್ರಮಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಇದೇ ಕೆಲಸಕ್ಕೆ ಒಂದೇ ಸಲ ನುಂಗುವ ಟಫೆನೋಕ್ವಿನ್‌ಗೆ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿತು. ಇವಕ್ಕೆ ಮೊದಲು ಜಿ-6-ಪಿಡಿ ಪರೀಕ್ಷೆ ಬೇಕು. ಅದು ದೆಹಲಿಯಲ್ಲಿ ತೀರ್ಮಾನವಾಗುವ ವಿಷಯ, ನಿಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ಆದರೆ ದೆಹಲಿಯವರು “14 ದಿನದ್ದನ್ನು ನಿಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಮುಗಿಸುತ್ತಾರೆ?” ಎಂದು ಕೇಳಿದರೆ ನಿಮ್ಮ ಉತ್ತರ ಏನು? ಎಲ್ಲರೂ ಎಂದು ರಿಜಿಸ್ಟರ್ ಹೇಳುತ್ತಿದ್ದರೆ ಅವರು ಯಾಕೆ ಬದಲಾಯಿಸುತ್ತಾರೆ?

ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹೆದರುತ್ತಿದ್ದ ಕಾಲ ಹೋಯಿತು. ಮಲೇರಿಯಾ ಈಗ ಮೊದಲಿನಷ್ಟಿಲ್ಲ. 2030ಕ್ಕೆ ದೇಶದಲ್ಲೇ ಇರಬಾರದು ಎಂಬುದು ಕೇಂದ್ರ ಸರ್ಕಾರ 2016ರಲ್ಲಿ ಹಾಕಿಕೊಂಡ ಗುರಿ. ರೋಗಿಗಳು ಕಡಿಮೆ ಇರುವುದರಿಂದಲೇ ನಾನು ಹೇಳಿದ್ದೆಲ್ಲ ಸಾಧ್ಯ. ಸಾವಿರ ಜನರ ಹಿಂದೆ ಹೋಗಲು ಆಗುವುದಿಲ್ಲ, ಕೆಲವರ ಹಿಂದೆ ಹೋಗಬಹುದು.

ಜೂನ್ ಬಂದರೆ ಮಲೇರಿಯಾ ವಿರೋಧಿ ಮಾಸಾಚರಣೆ. ಜಾಥಾ, ಬ್ಯಾನರ್, ಶಾಲಾ ಮಕ್ಕಳ ಘೋಷಣೆ ಎಲ್ಲ ಇರಲಿ. ಈ ಸಲ ಅದರ ಜೊತೆಗೆ ಕಳೆದ ವರ್ಷದ ರಿಜಿಸ್ಟರ್ ತೆಗೆದು, ಅದರಲ್ಲಿ ಇನ್ನೂ ಇಲ್ಲೇ ಇರುವವರ ಮನೆಗೆ ಹೋಗಿ, ಎಷ್ಟು ದಿನ ನುಂಗಿದಿರಿ ಎಂದು ಒಳ್ಳೆಯ ಮಾತಲ್ಲಿ ಕೇಳಿಸಿ. ನವೆಂಬರಿನಲ್ಲಿ ಕೊಯ್ಲು ಶುರುವಾಗುವ ಮೊದಲೇ ಹೊಸ ಖಾನೆಗಳು ಬರಲಿ.

ಮಿಕ್ಕಿದ ಮಾತ್ರೆ ತಂದು ಹಾಕಲು ತಾಲ್ಲೂಕಿನ ಔಷಧಿ ಅಂಗಡಿಗಳಲ್ಲಿ ಒಂದೊಂದು ಡಬ್ಬಿ ಇಡಲು ಅವಕಾಶ ಕೊಡಿ. ಯಾರು, ಯಾಕೆ ಎಂದು ಕೇಳದೆ ತಗೊಳ್ಳುತ್ತೇವೆ. ತಿಂಗಳಿಗೊಮ್ಮೆ ನಿಮ್ಮವರು ಬಂದು ಎಣಿಸಿಕೊಂಡು ಹೋಗಲಿ. ನಿಮ್ಮ ಕಚೇರಿಯಿಂದ ಒಂದು ಪತ್ರ ಬಂದರೆ ಸಾಕು, ಮೊದಲ ಡಬ್ಬಿ ನಾನೇ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔಷಧಿ ಅಂಗಡಿಯವನು
ಮೂಡಿಗೆರೆ ತಾಲ್ಲೂಕು